ಎಷ್ಟಕ್ಕೆ ಹೋಗುತ್ತೆ?

ನಾಣ್ಯ ಸಂಗ್ರಹ ಮಾಡುತ್ತೇನೆ ಅಂದ ಕೂಡಲೇ ಜನ ಕೇಳುವುದು ಒಂದೇ. "ಎಷ್ಟಕ್ಕೆ ಹೋಗುತ್ತೆ?" ಆಮೇಲೆ ಫೋನ್ ತೆಗೆದು ವೈಷ್ಣೋದೇವಿ ಚಿತ್ರದ ಐದು ರೂಪಾಯಿ ತೋರಿಸುತ್ತಾರೆ. ಇದಕ್ಕೆ ಲಕ್ಷಗಟ್ಟಲೆ ಕೊಡ್ತಾರಂತೆ, ಅಲ್ವಾ? ಯಾರೂ ಕೊಡುವುದಿಲ್ಲ. ಅದು ಚಲಾವಣೆಗೆ ಬಿಟ್ಟ ನಾಣ್ಯ, ಎಷ್ಟೋ ಮನೆಗಳ ಡಬ್ಬಿಯಲ್ಲಿದೆ. ಇಂಥ ಮೋಸದ ಜಾಹೀರಾತು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿತ್ತು.

ನಾನು ಕೂಡಿಡುವುದು ಮೈಸೂರು ಸೀಮೆಯ ತಾಮ್ರದ ಕಾಸು. ಚಿನ್ನದ ವರಹ ನನ್ನ ಜೇಬಿಗೆ ಎಟುಕುವುದಿಲ್ಲ. ತಾಮ್ರ ಎಟುಕುತ್ತದೆ. ಸವೆದ ಟಿಪ್ಪು ಪೈಸೆ ಇವತ್ತಿಗೂ ಸಾಮಾನ್ಯ ಸಂಬಳದವನು ಕೊಳ್ಳುವ ಬೆಲೆಯಲ್ಲೇ ಸಿಗುತ್ತದೆ.

ಅದರ ಒಂದು ಮುಖದಲ್ಲಿ ಆನೆ, ಇನ್ನೊಂದು ಮುಖದಲ್ಲಿ ಪರ್ಷಿಯನ್ ಬರಹ. ನನಗೆ ಪರ್ಷಿಯನ್ ಬರುವುದಿಲ್ಲ. ಆದರೆ ಹತ್ತು ಅಂಕಿ, ನಾಲ್ಕೈದು ಊರಿನ ಹೆಸರು ಗುರುತಿಸಲು ಕಲಿತರೆ ಸಾಕು, ನಾಣ್ಯ ಬಾಯಿ ಬಿಡುತ್ತದೆ. ಟಿಪ್ಪು ತನ್ನದೇ ಮೌಲೂದಿ ಶಕೆ ತಂದ ಮೇಲೆ ಇಸವಿಯನ್ನು ಬಲದಿಂದ ಎಡಕ್ಕೆ ಬರೆಸಿದ. 4221 ಎಂದು ಕಂಡರೆ ಅದು 1224, ಅಂದರೆ ನಮ್ಮ ಲೆಕ್ಕದಲ್ಲಿ 1796-97ರ ಆಸುಪಾಸು. ಶ್ರೀರಂಗಪಟ್ಟಣದ ಟಂಕಸಾಲೆಯದಾದರೆ 'ಪಟನ್' ಎಂದಿರುತ್ತದೆ. ಬಿದನೂರಿನದಾದರೆ 'ನಗರ'. ಇನ್ನು ಆನೆ. ಅದು ಎಡಕ್ಕೆ ನೋಡುತ್ತದೋ ಬಲಕ್ಕೋ, ಬಾಲ ಮೇಲಕ್ಕಿದೆಯೋ ಕೆಳಕ್ಕಿದೆಯೋ, ಬೆನ್ನ ಮೇಲೆ ಬಾವುಟ ಇದೆಯೋ ಇಲ್ಲವೋ. ಭಾನುವಾರ ಮಧ್ಯಾಹ್ನ ಮಸೂರ ಹಿಡಿದು ಆನೆಯ ಬಾಲ ನೋಡುತ್ತಾ ಕೂತರೆ ಮನೆಯವರಿಗೆ ನಗು. ನಗಲಿ ಬಿಡಿ.

ಇದರಲ್ಲಿ ನನಗೆ ತುಂಬಾ ಹಿಡಿಸಿದ ವಿಷಯ ಬೇರೆ. ಟಿಪ್ಪು 1799ರಲ್ಲಿ ಮಡಿದ, ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು. ರಾಜ್ಯ ಬದಲಾಯಿತು, ಕಾಸಿನ ಮೇಲಿನ ಆನೆ ಮಾತ್ರ ಹಾಗೇ ಉಳಿಯಿತು. ಮೇಲೆ ಸೂರ್ಯ ಚಂದ್ರ ಬಂದವು, 'ಶ್ರೀ' ಬಂತು. ಮುಂದೆ ಕನ್ನಡದಲ್ಲಿ 'ಮಯಿಲಿ ಕಾಸು' ಎಂದೂ, ಇಂಗ್ಲಿಷಿನಲ್ಲಿ 'ಕ್ಯಾಶ್' ಎಂದೂ ಬೆಲೆ ಬರೆಸಿದರು. ಹೈದರಾಲಿ ಮಾಡಿದ್ದೂ ಅದೇ. 1763ರಲ್ಲಿ ಬಿದನೂರು ಗೆದ್ದ ಮೇಲೂ ಇಕ್ಕೇರಿ ನಾಯಕರ ವರಹದ ಶಿವ ಪಾರ್ವತಿಯರನ್ನು ತೆಗೆಯಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ, ಅಷ್ಟೇ. ಸಂತೆಯಲ್ಲಿ ಜನ ಗುರುತು ಹಿಡಿದು ತೆಗೆದುಕೊಳ್ಳಬೇಕಲ್ಲ! ರಾಜರ ಜಗಳಕ್ಕಿಂತ ಅಂಗಡಿಯವನ ನಂಬಿಕೆ ದೊಡ್ಡದು ಎಂದು ನನಗೆ ತಿಳಿದದ್ದು ಈ ನಾಣ್ಯಗಳಿಂದ.

ಇನ್ನು ಹೂಡಿಕೆಯ ಮಾತು. ನನ್ನ ಪರಿಚಯದವರೊಬ್ಬರು ಬೆಲೆ ಏರುತ್ತದೆಂದು ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ ರಾಶಿ ಹಾಕಿಕೊಂಡರು. ಐದನೇ ಜಾರ್ಜ್‌ನ ರೂಪಾಯಿ 11.66 ಗ್ರಾಂ ತೂಗುತ್ತದೆ, ನೂರಕ್ಕೆ 91.7 ಪಾಲು ಬೆಳ್ಳಿ. ಮಾರಲು ಹೋದಾಗ ವ್ಯಾಪಾರಿ ಇಸವಿ ನೋಡಿದ, ಎಲ್ಲಾ ಸಾಮಾನ್ಯ ವರ್ಷದವು. ತಕ್ಕಡಿಗೆ ಹಾಕಿದ, ಬೆಳ್ಳಿ ರೇಟು ಹೇಳಿದ. ಕೊಂಡಾಗ ಮಾತ್ರ ಅವರು 'ಹಳೇ ನಾಣ್ಯ'ದ ರೇಟು ಕೊಟ್ಟಿದ್ದರು. ಬೆಳ್ಳಿಯೇ ಬೇಕಿದ್ದರೆ ಬೆಳ್ಳಿ ಗಟ್ಟಿ ಕೊಳ್ಳಬಹುದಿತ್ತು. ಅಪರೂಪದವೂ ಇವೆ, ಇಲ್ಲವೆಂದಲ್ಲ. 1939ರ ರೂಪಾಯಿಗೆ ನಿಜವಾಗಿಯೂ ಬೆಲೆ ಇದೆ. ಅದಕ್ಕೇ ಅದರ ನಕಲಿಗಳೂ ಜಾಸ್ತಿ. ನಾಣ್ಯಕ್ಕೆ ಚಿನ್ನದ ಹಾಗೆ ದಿನದ ದರ ಎಂಬುದಿಲ್ಲ. ಹರಾಜಿನ ದಿನ ಬೇಕೆನ್ನುವವರು ಇಬ್ಬರು ಇದ್ದರೆ ಬೆಲೆ, ಒಬ್ಬನೇ ಇದ್ದರೆ ಇಲ್ಲ.

ನಾನು ಕೊಳ್ಳುವ ರೀತಿ ಸರಳ. ಮೊದಲು ಓದುತ್ತೇನೆ, ಆಮೇಲೆ ಕೊಳ್ಳುತ್ತೇನೆ. ಜೇಬಿನಲ್ಲಿ ಪುಟ್ಟ ಡಿಜಿಟಲ್ ತಕ್ಕಡಿ ಇರುತ್ತದೆ. ಟಿಪ್ಪುವಿನ ಪೈಸೆ ಹೆಚ್ಚುಕಡಿಮೆ 11 ಗ್ರಾಂ ತೂಗಬೇಕು. ಏಳೆಂಟು ಗ್ರಾಂ ಬಂದರೆ ವಾಪಸ್ ಇಡುತ್ತೇನೆ. ಅಂಚಿನಲ್ಲಿ ಎರಕದ ಗೆರೆ, ಅಂದರೆ ನಕಲಿಯ ಗುರುತು, ಕಂಡರೂ ಅಷ್ಟೇ. ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿದ್ದನ್ನಂತೂ ಮುಟ್ಟುವುದಿಲ್ಲ. ಇನ್ನೂರು ವರ್ಷಕ್ಕೆ ಕೂತ ಬಣ್ಣ ಐದು ನಿಮಿಷದಲ್ಲಿ ಹೋಗಿರುತ್ತದೆ, ಮತ್ತೆ ಬರುವುದಿಲ್ಲ. ಮನೆಯಲ್ಲಿ ಒಂದೊಂದಕ್ಕೂ ಕಾಗದದ ಲಕೋಟೆ, ಮೇಲೆ ಟಂಕಸಾಲೆ, ಇಸವಿ, ತೂಕ, ಕೊಟ್ಟ ದುಡ್ಡು. ಅಗ್ಗದ ಪಿವಿಸಿ ಆಲ್ಬಂನಲ್ಲಿಟ್ಟರೆ ತಾಮ್ರಕ್ಕೆ ಹಸಿರು ಜಿಗುಟು ಹಿಡಿಯುತ್ತದೆ.

ಅಮೆರಿಕದಲ್ಲಿರುವ ಅಣ್ಣನ ಮಗ ಒಂದೆರಡು ಕಳಿಸಿ ಚಿಕ್ಕಪ್ಪ ಅಂದ. ಆಗಲ್ಲಪ್ಪ ಅಂದೆ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ದೇಶದ ಹೊರಗೆ ಕಳಿಸುವಂತಿಲ್ಲ. ಬಂದಾಗ ನೋಡು, ಕೈಯಲ್ಲಿ ಹಿಡಿ ಅಂದಿದ್ದೇನೆ.

ಟಿಪ್ಪು ಧಾರವಾಡಕ್ಕೆ ಖುರ್ಷಿದ್ ಸವಾದ್ ಎಂದೂ ಚಿತ್ರದುರ್ಗಕ್ಕೆ ಫರ್ರುಖ್‌ಯಾಬ್ ಹಿಸಾರ್ ಎಂದೂ ಹೆಸರಿಟ್ಟು ನಾಣ್ಯ ಹಾಕಿಸಿದ್ದ. ದುರ್ಗದ್ದು ನನ್ನ ಬಳಿ ಇದೆ. ಧಾರವಾಡದ್ದು ಇಲ್ಲ. ಮೊನ್ನೆ ಒಬ್ಬ ವ್ಯಾಪಾರಿ ಅದೇ ಎಂದು ಒಂದು ಕೊಟ್ಟ. ಊರಿನ ಹೆಸರು ಇರಬೇಕಾದ ಜಾಗವೇ ಸವೆದು ನುಣ್ಣಗಾಗಿತ್ತು. "ಸರ್, ನಂಬಿ" ಅಂದ. ಓದೋಕೆ ಆಗೋದು ಸಿಕ್ಕಾಗ ಫೋನ್ ಮಾಡಪ್ಪ ಎಂದು ವಾಪಸ್ ಕೊಟ್ಟು ಬಂದೆ.