ಸ್ಟರ್ನ್ ಡ್ರೈವ್‌ಗೆ ನೀರು ನುಗ್ಗಿದಾಗ: ಮುನಿರಾಬಾದಿನ ಒಂದು ದೋಣಿ ರಿಪೇರಿ

ಸ್ಟರ್ನ್ ಡ್ರೈವ್, ಅಂದರೆ ದೋಣಿಯ ಹಿಂಬದಿಯಲ್ಲಿ ಹೊರಗೆ ಕೂತು ಪ್ರೊಪೆಲ್ಲರ್ ತಿರುಗಿಸುವ ಗೇರಿನ ಭಾಗ, ಲೀಕ್ ಆಗಿದೆ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಇಷ್ಟೇ: ನೀರು ದೋಣಿಯೊಳಗೆ ಬರುತ್ತಿದೆಯೋ, ಗೇರ್ ಆಯಿಲ್‌ನೊಳಗೆ ಹೋಗುತ್ತಿದೆಯೋ? ಎರಡಕ್ಕೂ ದಾರಿ ಬೇರೆ, ಬಿಚ್ಚುವ ಜಾಗ ಬೇರೆ. ಮೊದಲನೆಯದು ದೋಣಿಯನ್ನೇ ಮುಳುಗಿಸುತ್ತದೆ, ಎರಡನೆಯದು ಸದ್ದಿಲ್ಲದೆ ಗೇರು, ಬೇರಿಂಗುಗಳನ್ನು ತಿನ್ನುತ್ತದೆ. ಮುನಿರಾಬಾದ್ ಕಡೆ ತುಂಗಭದ್ರಾ ಹಿನ್ನೀರಿನಲ್ಲಿ ಓಡುವ ಫೈಬರ್ ದೋಣಿಯೊಂದು ನನ್ನ ಕೈಗೆ ಬಂದಾಗ ಅದರಲ್ಲಿ ಎರಡೂ ಇದ್ದವು.

ನನ್ನ ಕಸುಬು ಗಂಗಾವತಿಯಲ್ಲಿ ಟ್ರ್ಯಾಕ್ಟರ್ ಮತ್ತು ಭತ್ತ ಕೊಯ್ಯುವ ಮಷೀನುಗಳ ರಿಪೇರಿ. ದೋಣಿ ಎಂದರೆ ಬೇರೆ ಲೋಕ ಅನ್ನಿಸಬಹುದು. ಆದರೆ ಡ್ರೈವ್ ಬಿಚ್ಚಿದರೆ ಒಳಗಿರುವುದು ನಮಗೆ ಗೊತ್ತಿರುವ ಸಾಮಾನೇ: ಯೂನಿವರ್ಸಲ್ ಜಾಯಿಂಟು, ಬೆವೆಲ್ ಗೇರು, ಆಯಿಲ್ ಸೀಲು, ಓ ರಿಂಗು. ಗದ್ದೆಯ ಕೆಸರಿನಲ್ಲಿ ಓಡುವ ಟ್ರ್ಯಾಕ್ಟರಿನ ಆಕ್ಸಲ್ ಸೀಲು ಬದಲಿಸಿದವನಿಗೆ ಇದರ ಅರ್ಧ ಕೆಲಸ ಪರಿಚಯದ್ದೇ. ಉಳಿದರ್ಧ ಮಾತ್ರ ಹೊಸದು, ಮತ್ತು ಪ್ರಾಣಕ್ಕೆ ಸಂಬಂಧಪಟ್ಟದ್ದು.

ಸ್ಟರ್ನ್ ಡ್ರೈವ್ ಇರುವ ದೋಣಿಯಲ್ಲಿ ಎಂಜಿನ್ ಒಳಗೆ, ಹಿಂಗೋಡೆಗೆ ಹತ್ತಿಕೊಂಡು ಕೂತಿರುತ್ತದೆ. ಪ್ರೊಪೆಲ್ಲರ್ ಇರುವ ಡ್ರೈವ್ ಹೊರಗೆ. ಎಂಜಿನ್ನಿನ ಶಕ್ತಿ ಹೊರಗೆ ಹೋಗಲು ಹಿಂಗೋಡೆಯಲ್ಲಿ ಒಂದು ದೊಡ್ಡ ತೂತು, ಅದರಲ್ಲಿ ಶಾಫ್ಟು. ಡ್ರೈವ್ ಎಡಕ್ಕೆ ಬಲಕ್ಕೆ ತಿರುಗಬೇಕು, ಮೇಲೆ ಕೆಳಗೆ ಏಳಬೇಕು, ಹಾಗಾಗಿ ಅಲ್ಲಿ ಯೂನಿವರ್ಸಲ್ ಜಾಯಿಂಟ್. ಆ ಜಾಯಿಂಟಿನ ಸುತ್ತ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರ್ ಬೆಲ್ಲೋಸ್. ಈ ಜಾಗ ನೀರಿನ ಮಟ್ಟಕ್ಕಿಂತ ಕೆಳಗಿರುತ್ತದೆ. ಕೆರೆಯ ನೀರಿಗೂ ದೋಣಿಯ ಒಳಗಿಗೂ ನಡುವೆ ಅಡ್ಡ ಇರುವುದು ಆ ರಬ್ಬರ್ ಒಂದೇ. ಹರಗೋಲಿಗೆ ತೂತು ಬಿದ್ದರೆ ಕಾಲಿಗೆ ನೀರು ತಾಗುತ್ತದೆ, ಆ ಕ್ಷಣವೇ ಗೊತ್ತಾಗುತ್ತದೆ. ಇಲ್ಲಿ ನೀರು ಹಲಗೆಯ ಕೆಳಗಿನ ತಳಭಾಗದಲ್ಲಿ, ಅಂದರೆ ಬಿಲ್ಜಿನಲ್ಲಿ ತುಂಬುತ್ತದೆ, ಬಿಲ್ಜ್ ಪಂಪು ಅದನ್ನು ತಾನಾಗಿಯೇ ಹೊರಗೆ ಹಾಕುತ್ತಿರುತ್ತದೆ, ಮಾಲೀಕನಿಗೆ ಸುಳಿವೇ ಸಿಗುವುದಿಲ್ಲ. ಬ್ಯಾಟರಿ ಇಳಿದ ರಾತ್ರಿ ದೋಣಿ ತಳ ಸೇರುತ್ತದೆ. ಪಂಪು ಪದೇ ಪದೇ ತಾನಾಗಿ ಓಡುತ್ತಿದ್ದರೆ ಪಂಪು ಚೆನ್ನಾಗಿದೆ ಅಂತ ಸಮಾಧಾನ ಪಡಬೇಡಿ, ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ.

ಹುಡುಕಿದ್ದು ಹೀಗೆ. ಬಿಲ್ಜ್ ಪೂರ್ತಿ ಒರೆಸಿ ಒಣಗಿಸಿ, ದೋಣಿಯನ್ನು ಟ್ರೈಲರ್ ಮೇಲಿಟ್ಟುಕೊಂಡೇ ದಂಡೆಯಿಂದ ನೀರಿಗೆ ಇಳಿಸಿದೆವು. ಎಂಜಿನ್ ಬಂದ್. ನಾನು ಒಳಗೆ ಟಾರ್ಚ್ ಹಿಡಿದು ಬಗ್ಗಿ ಕೂತೆ. ಎಂಜಿನ್ ಬಂದ್ ಇದ್ದಾಗಲೂ ನೀರು ಬಂದರೆ ಬೆಲ್ಲೋಸ್, ಗೇರ್ ಕೇಬಲ್ಲಿನ ಸಣ್ಣ ಬೆಲ್ಲೋಸ್, ಹಿಂಗೋಡೆಯ ಸೀಲು ಅಥವಾ ದೋಣಿಯ ಮೈ, ಇವುಗಳಲ್ಲೊಂದು. ಎಂಜಿನ್ ಓಡುವಾಗ ಮಾತ್ರ ಬಂದರೆ ತಂಪು ಮಾಡುವ ನೀರಿನ ಪೈಪು, ಕ್ಲಿಪ್ಪು ನೋಡಬೇಕು. ಇಲ್ಲಿ ಸುಮ್ಮನಿದ್ದಾಗ ಸಣ್ಣಗೆ ಜಿನುಗುತ್ತಿದ್ದ ನೀರು ಡ್ರೈವನ್ನು ಸ್ವಲ್ಪ ಎತ್ತಿದ ಕೂಡಲೇ ಧಾರೆಯಾಯಿತು, ಅದೂ ಶಾಫ್ಟಿನ ಬೇರಿಂಗ್ ಸುತ್ತಲಿಂದ. ಡ್ರೈವ್ ಎತ್ತಿದಾಗ ಬೆಲ್ಲೋಸಿನ ಕೆಳಗಿನ ಮಡಿಕೆಗಳು ಹಿಗ್ಗುತ್ತವೆ, ಬಿರುಕು ಬಾಯಿ ತೆರೆಯುತ್ತದೆ. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

“ಟ್ಯೂಬಿಗೆ ಹಾಕ್ದಂಗ ಒಂದ್ ಪ್ಯಾಚ್ ಹಾಕಿ ಬಿಡ್ರಿ ಅಣ್ಣಾರ, ಸೀಸನ್ ಮುಗೀಲಿ,” ಅಂದರು ಮಾಲೀಕರು.

“ಇದು ತಿರುವಿದಾಗೊಮ್ಮೆ ಮಡಚಿ ಬಿಚ್ಚತೈತ್ರಿ. ಪ್ಯಾಚ್ ನಿಲ್ಲಂಗಿಲ್ಲ. ಮಂದಿ ಕುಂದ್ರೊ ದೋಣಿ, ಹೊಸಾದು ಬರೂತನಕ ನೀರಿಗೆ ಇಳಸಬ್ಯಾಡ್ರಿ,” ಅಂದೆ. ಒಪ್ಪಿದರು. ಬೆಲ್ಲೋಸ್ ಸೆಟ್ಟು, ಅದರ ಅಂಟು, ಶಾಫ್ಟಿನ ಗಿಂಬಲ್ ಬೇರಿಂಗು, ನೀರಿನ ಪಂಪಿನ ಇಂಪೆಲ್ಲರ್ (ರೆಕ್ಕೆಯ ಚಕ್ರ) ಎಲ್ಲಾ ಹೊರಗಿನಿಂದ ಕೊರಿಯರಿನಲ್ಲಿ ತರಿಸಿದೆವು. ಆಯಿಲ್ ಸೀಲಿನ ಮೈಮೇಲೆ ಅಳತೆ ಇರುತ್ತದೆ, ಅದನ್ನು ನೋಡಿ ಬೇರಿಂಗ್ ಅಂಗಡಿಯಲ್ಲೇ ಕೊಳ್ಳಬಹುದು. ಬೆಲ್ಲೋಸಿಗೆ ಮಾತ್ರ ಆ ಮಾಡಲಿನದೇ ಬೇಕು.

ಡ್ರೈವನ್ನು ದೋಣಿಯಿಂದ ಬಿಚ್ಚುವ ಮುಂಚೆ ಗೇರ್ ಆಯಿಲ್ ನೋಡಿದೆ. ದೋಣಿಯನ್ನು ರಾತ್ರಿಯಿಡೀ ಅಲುಗಾಡಿಸದೆ ನಿಲ್ಲಿಸಿ, ಬೆಳಿಗ್ಗೆ ಕೆಳಗಿನ ಸ್ಕ್ರೂ ಸ್ವಲ್ಪವೇ ಸಡಿಲಿಸಿದೆ. ನೀರು ಎಣ್ಣೆಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಮೊದಲು ಬಂದದ್ದು ತಿಳಿ ನೀರು, ಹಿಂದೆಯೇ ಹಾಲು ಬೆರೆಸಿದ ಚಹಾದ ಬಣ್ಣದ ಎಣ್ಣೆ. ಸ್ಕ್ರೂವಿನ ಅಯಸ್ಕಾಂತಕ್ಕೆ ನುಣ್ಣನೆಯ ಕಪ್ಪು ಲೇಪ ಅಂಟಿತ್ತು, ಚೂರುಗಳಿರಲಿಲ್ಲ. ಗೇರುಗಳು ಬದುಕಿದ್ದವು.

ನಂತರ ಒತ್ತಡದ ಪರೀಕ್ಷೆ. ಇದನ್ನು ಬಿಟ್ಟು ನೇರ ಸೀಲು ಬದಲಿಸಲು ಹೋಗುವವರನ್ನು ನೋಡಿದ್ದೇನೆ. ಒಂದು ಸೀಲು ಹೊಸದಾಗುತ್ತದೆ, ನೀರು ಇನ್ನೊಂದರಿಂದ ಬರುತ್ತಲೇ ಇರುತ್ತದೆ. ಆಯಿಲ್ ಸ್ಕ್ರೂವಿನ ತೂತಿಗೆ ಹೊಂದುವ ಬೋಲ್ಟನ್ನು ಕೊರೆದು, ಅದಕ್ಕೆ ಟೈರಿನ ವಾಲ್ವ್ ಬೆಸುಗೆ ಹಾಕಿಸಿದೆ. ಕಾಲಿನಿಂದ ಒತ್ತುವ ಪಂಪಿನಲ್ಲಿ 10 ಪಿಎಸ್‌ಐ ಗಾಳಿ ತುಂಬಿ, ಶಾಫ್ಟುಗಳನ್ನು ಕೈಯಿಂದ ತಿರುಗಿಸುತ್ತಾ ಎಲ್ಲಾ ಸಂದಿಗೂ ಸೋಪಿನ ನೀರು ಬಿಟ್ಟೆ. ಕಂಪ್ರೆಸರ್ ಹಚ್ಚಲಿಲ್ಲ. ಒತ್ತಡ ಹೆಚ್ಚಾದರೆ ಚೆನ್ನಾಗಿರುವ ಸೀಲೂ ಜಾಗ ಬಿಡುತ್ತದೆ. ಗುಳ್ಳೆ ಎದ್ದದ್ದು ಪ್ರೊಪೆಲ್ಲರ್ ಶಾಫ್ಟಿನ ಹತ್ತಿರ. ಗೇರ್ ಬದಲಿಸುವ ಶಾಫ್ಟಿನ ಸೀಲು ಗಟ್ಟಿ ಇತ್ತು.

ಪ್ರೊಪೆಲ್ಲರ್ ತೆಗೆದರೆ ಕಾರಣ ಕಣ್ಣಿಗೆ ಬಿತ್ತು. ಅದರ ಹಿಂದೆ ಮೀನಿನ ಬಲೆಯ ನೈಲಾನ್ ದಾರ ಸುತ್ತಿಕೊಂಡು, ಬಿಸಿಗೆ ಕರಗಿ ಬಿಲ್ಲೆಯಂತೆ ಗಟ್ಟಿಯಾಗಿತ್ತು. ಹಿನ್ನೀರಿನಲ್ಲಿ ಬಲೆ ಬಿಡುವುದು ಅಲ್ಲಿನವರ ಜೀವನ, ಬಲೆಯಿಂದ ದೂರ ಇರಬೇಕಾದದ್ದು ದೋಣಿಯವರೇ. ದಾರ ಒಂದು ಸಲ ಒಳಗೆ ಸೇರಿದರೆ ಸೀಲಿನ ತುಟಿಯನ್ನು ಕೊಯ್ಯುತ್ತದೆ. ಪ್ರೊಪೆಲ್ಲರ್ ಆಗಾಗ ಬಿಚ್ಚಿ ನೋಡುವುದು ಅರ್ಧ ಗಂಟೆಯ ಕೆಲಸ, ದಯವಿಟ್ಟು ಮಾಡಿ.

ಸೀಲು ಕೂರಿಸಿರುವ ಕ್ಯಾರಿಯರ್ ಸುಲಭಕ್ಕೆ ಬರಲಿಲ್ಲ. ದೋಣಿ ಹಿಂದೆ ಕರಾವಳಿಯಲ್ಲಿ ಓಡಿದ್ದು, ಉಪ್ಪಿಗೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಬಿಗಿದುಕೊಂಡಿತ್ತು. ಹದವಾಗಿ ಬಿಸಿ ಕೊಟ್ಟು, ಪುಲ್ಲರ್ ಹಾಕಿ, ನಿಧಾನ ಎಳೆದೆ. ಒಳಗೆ ಎರಡು ಸೀಲು, ಬೆನ್ನಿಗೆ ಬೆನ್ನು: ಒಂದರ ತುಟಿ ಎಣ್ಣೆಯ ಕಡೆ, ಇನ್ನೊಂದರದು ನೀರಿನ ಕಡೆ. ಹೊಸ ಎರಡನ್ನೂ ಹಾಗೆಯೇ ಬೆನ್ನಿಗೆ ಬೆನ್ನು ಕೂರಿಸಿ, ನಡುವೆ ಗ್ರೀಸು ತುಂಬಿದೆ. ಹಳೆಯ ಸೀಲು ಶಾಫ್ಟಿನ ಮೇಲೆ ಗೆರೆ ಕೊರೆದಿತ್ತು, ಉಗುರಿಗೆ ಸಿಗುವಷ್ಟು. ಹೊಸ ತುಟಿ ಅದೇ ಗೆರೆಯಲ್ಲಿ ಕೂತರೆ ಮತ್ತೆ ಲೀಕ್. ಟ್ರ್ಯಾಕ್ಟರಿಗೆ ಮಾಡುವಂತೆ ಶಾಫ್ಟಿನ ಮೇಲೆ ತೆಳು ಸ್ಟೀಲಿನ ರಿಪೇರಿ ತೋಳು ಏರಿಸಿದೆ.

ಗಾಳಿ ತುಂಬಿದರೆ ಎಣ್ಣೆಯ ಕಡೆಯ ತುಟಿಯ ಪರೀಕ್ಷೆ ಮಾತ್ರ ಆಗುತ್ತದೆ. ನೀರಿನ ಕಡೆಯದನ್ನು ನೋಡಲು ಗಾಳಿ ಎಳೆಯಬೇಕು. ಕಾರಿನ ಎಸಿ ರಿಪೇರಿ ಮಾಡುವ ಗೆಳೆಯನ ವ್ಯಾಕ್ಯೂಮ್ ಪಂಪು ಅದಕ್ಕೆ ಒದಗಿತು. ಮುಳ್ಳು ಅಲ್ಲಾಡದೆ ನಿಂತಿತು.

ಇನ್ನು ಬೆಲ್ಲೋಸ್. ಗೇರನ್ನು ಮುಂದಕ್ಕೆ ಹಾಕಿ, ನಟ್ಟುಗಳನ್ನು ಬಿಚ್ಚಿ, ಚೈನ್ ಪುಲ್ಲಿಯಲ್ಲಿ ಡ್ರೈವನ್ನು ಹಿಂದಕ್ಕೆ ಎಳೆದೆವು. ಜಾಯಿಂಟಿನ ಕ್ರಾಸಿಗೆ ತುಕ್ಕು. ಗಿಂಬಲ್ ಬೇರಿಂಗ್ ಬೆರಳಲ್ಲಿ ತಿರುಗಿಸಿದರೆ ಮರಳು ಅರೆದ ಸದ್ದು. ಎರಡೂ ಹೊಸದು ಹಾಕಿದೆ. ಬೆಲ್ಲೋಸ್ ಕೂರುವ ಲೋಹವನ್ನು ಹಳೆ ಅಂಟು, ತುಕ್ಕು ಚೂರೂ ಉಳಿಯದಂತೆ ಉಜ್ಜಿದೆ, ಈ ಕೆಲಸದಲ್ಲಿ ಹೆಚ್ಚು ಹೊತ್ತು ಹೋಗಿದ್ದು ಅಲ್ಲೇ. ಹಳೆಯ ಅಂಟಿನ ಗಂಟೊಂದು ಉಳಿದರೂ ಹೊಸ ರಬ್ಬರ್ ಅಲ್ಲೇ ಸೋರುತ್ತದೆ. ಅಂಟು ಬೆರಳಿಗೆ ಜಿಗಟಾಗುವಷ್ಟು ಆರಿದ ಮೇಲೆ, ಮೇಲ್ಭಾಗದ ಗುರುತು ಮೇಲಕ್ಕೆ ಬರುವಂತೆ ಕೂರಿಸಿ, ಅಂಚು ಸುತ್ತಲೂ ತೋಡಿನಲ್ಲಿ ಬಿದ್ದಿದೆಯೇ ಅಂತ ಬೆರಳಾಡಿಸಿ ನೋಡಿ, ಆಮೇಲೆ ಸ್ಟೇನ್‌ಲೆಸ್ ಕ್ಲಿಪ್ಪು ಬಿಗಿದೆ. ಗೇರ್ ಕೇಬಲ್ಲಿನ ಸಣ್ಣ ಬೆಲ್ಲೋಸನ್ನೂ ಬದಲಿಸಿದೆ. ಹೆಬ್ಬೆರಳು ಗಾತ್ರದ ಆ ರಬ್ಬರೂ ದೋಣಿ ಮುಳುಗಿಸಬಲ್ಲದು. ಹೊಗೆ ಹೋಗುವ ಬೆಲ್ಲೋಸ್ ಹರಿದರೆ ದೋಣಿಗೆ ನೀರು ಬರುವುದಿಲ್ಲ, ಆದರೆ ಬಿಸಿ ಹೊಗೆ ಪಕ್ಕದ ರಬ್ಬರನ್ನು ಹಾಳು ಮಾಡುತ್ತದೆ.

ಎಂಜಿನ್ ನೇರ ಕೂತಿದೆಯೇ ಅಂತ ನೋಡಲು ಲೇಥಿನಲ್ಲಿ ಒಂದು ಸಲಾಕೆ ಮಾಡಿಸಿಕೊಂಡೆ. ಬೇರಿಂಗ್ ಮೂಲಕ ಹಾದು ಎಂಜಿನ್ನಿನ ಕಪ್ಲರಿಗೆ ಅದು ಕೈಯಲ್ಲೇ ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಮುಂದಿನ ಮೌಂಟಿಂಗ್ ಏರಿಸಿ ಇಳಿಸಬೇಕು. ಎಣ್ಣೆಯನ್ನು ಕೆಳಗಿನ ತೂತಿನಿಂದ ಒತ್ತಿ, ಮೇಲಿನದರಿಂದ ಗುಳ್ಳೆಯಿಲ್ಲದೆ ಬರುವವರೆಗೂ ತುಂಬಿದೆ. ಸ್ಕ್ರೂಗಳಿಗೆ ಹೊಸ ವಾಷರ್.

ರಬ್ಬರ್ ಇಷ್ಟು ಬೇಗ ಸೀಳಲು ನಮ್ಮ ಬೇಸಿಗೆಯೂ ಕಾರಣ. ಸಮುದ್ರಮಟ್ಟದಿಂದ 1,633 ಅಡಿಯ ಪೂರ್ಣ ಮಟ್ಟದಿಂದ ನೀರು ಇಳಿದು ದೂರ ಸರಿದಾಗ ದೋಣಿಗಳು ದಂಡೆಯ ಮೇಲೆ ಬಿಸಿಲಿಗೆ ಬೀಳುತ್ತವೆ, ಅದೂ ಡ್ರೈವ್ ಎತ್ತಿಟ್ಟುಕೊಂಡು. ಹಿಗ್ಗಿದ ರಬ್ಬರ್ ಹಾಗೆಯೇ ಬಿಗಿದು ಬಿರಿಯುತ್ತದೆ. ಡ್ರೈವ್ ಇಳಿಸಿ, ಮೇಲೆ ತಾಡಪಾಲು ಹೊದಿಸಿ ಇಡಿ. ಹೂಳಿನದು ಇನ್ನೊಂದು ಕಾಟ. ಹೂಳು ತುಂಬಿ ಈ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ 105.788ಕ್ಕೆ ಇಳಿದಿದೆ. ನೀರು ಕಡಿಮೆಯಾದಾಗ ಎಂಜಿನ್ ತಂಪು ಮಾಡಲು ಡ್ರೈವ್ ಆ ರಾಡಿಯನ್ನೇ ಹೀರುತ್ತದೆ, ಇಂಪೆಲ್ಲರಿನ ರೆಕ್ಕೆ ಸವೆಯುತ್ತವೆ.

ನೀರಿಗಿಳಿಸಿ, ಡ್ರೈವ್ ಎತ್ತಿ, ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆವು. ಬೇರಿಂಗ್ ಸುತ್ತ ಒಣಗಿತ್ತು, ಕೆಲವು ದಿನ ಓಡಿದ ಮೇಲೆ ತೆಗೆದ ಎಣ್ಣೆಯೂ ತಿಳಿಯಾಗಿತ್ತು. ವೇಗ ಹೆಚ್ಚಿಸಿದಾಗ ಮಾತ್ರ ಮೇಲೆ ಸ್ಟೀರಿಂಗ್ ಶಾಫ್ಟಿನ ಸೀಲಿನಿಂದ ಒಂದೊಂದು ಹನಿ ಇಳಿಯುತ್ತದೆ. ಅದು ನೀರಿನ ಮಟ್ಟಕ್ಕಿಂತ ಮೇಲಿದೆ, ನಿಂತ ದೋಣಿಗೆ ಅಪಾಯವಿಲ್ಲ. ಆದರೆ ಅದಕ್ಕೆ ಕೈ ಹಾಕಬೇಕೆಂದರೆ ಎಂಜಿನ್ನನ್ನೇ ಹೊರತೆಗೆಯಬೇಕು. ಬೇಸಿಗೆಯಲ್ಲಿ ದೋಣಿ ಮೇಲೆ ಬಂದಾಗ ಮಾಡೋಣ ಅಂತ ಮಾಲೀಕರಿಗೆ ಹೇಳಿ, ಅಲ್ಲಿಯವರೆಗೆ ಬಿಲ್ಜ್ ಪಂಪು ಎಷ್ಟು ಸಲ ಓಡುತ್ತದೆ ಅಂತ ದಿನಾ ಬರೆದಿಡಲು ಒಂದು ನೋಟ್‌ಬುಕ್ ಕೊಟ್ಟಿದ್ದೇನೆ.