ಜಾಝ್ ಮತ್ತು ಚೇಂಬರ್ ಸಂಗೀತ: ಬೆಳಗಾವಿಯ ವಾಯೊಲಿನ್ ವಾದಕರು ಎರಡಕ್ಕೂ ಸಿದ್ಧರಾಗುವ ಬಗೆ

ಬೆಳಗಾವಿಯಲ್ಲಿ ವಾಯೊಲಿನ್ ಕಲಿತವರು ಬಹುಮಟ್ಟಿಗೆ ಹಿಂದೂಸ್ತಾನಿ ಗಾಯಕರಿಗೆ ಸಾಥ್ ಮಾಡುತ್ತ ಬೆಳೆದವರಾಗಿರುತ್ತಾರೆ. ಅಂಥವರಿಗೆ ಜಾಝ್ ಮತ್ತು ಪಾಶ್ಚಾತ್ಯ ಚೇಂಬರ್ ಸಂಗೀತ (ಕೆಲವೇ ವಾದಕರು ಕೂಡಿ ನುಡಿಸುವ ಸಂಗೀತ) ಎರಡನ್ನೂ ನುಡಿಸುವ ಹಂಬಲ ಹುಟ್ಟಿದರೆ, ಮೊದಲು ಯಾವುದನ್ನು ಹಿಡಿಯಬೇಕೆಂಬ ಪ್ರಶ್ನೆ ಏಳುತ್ತದೆ. ಎರಡಕ್ಕೂ ಬೇಕಾದ, ಆದರೆ ನಮ್ಮ ತಾಲೀಮಿನಲ್ಲಿ ಸಿಗದ ಒಂದು ಸಂಗತಿಯಿಂದಲೇ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ತಂಬೂರಿಯ ಷಡ್ಜವು ಕಛೇರಿ ಮುಗಿಯುವವರೆಗೂ ಕದಲದೆ ನಿಂತಿರುತ್ತದೆ. ಈ ಎರಡು ಸಂಗೀತಗಳಲ್ಲಿಯಾದರೋ ನಾಲ್ಕಾರು ಮಾತ್ರೆಗಳಿಗೊಮ್ಮೆ ಕಾಲ ಕೆಳಗಿನ ನೆಲವೇ ಬದಲಾಗುತ್ತದೆ. ಹಲವು ಸ್ವರಗಳು ಒಟ್ಟಿಗೆ ನುಡಿದು ಆಗುವ, ಹಾಗೆ ಬದಲಾಗುವ ನೆಲವನ್ನು ಕಾರ್ಡ್ ಎನ್ನುತ್ತಾರೆ.

ಇದನ್ನು ಅಭ್ಯಾಸ ಮಾಡಲು ಪಿಯಾನೋ ಬೇಕಿಲ್ಲ, ಪೇಟಿ (ಹಾರ್ಮೋನಿಯಂ) ಸಾಕು; ಪೇಟಿ ನುಡಿಸುವವರಿಗಂತೂ ಈ ಊರಿನಲ್ಲಿ ಬರವಿಲ್ಲ. ಬಿಳಿ ಒಂದನ್ನು (ಪೇಟಿಯ ಮೊದಲನೆಯ ಬಿಳಿ ಮನೆಯನ್ನು) ಷಡ್ಜವೆಂದು ಇಟ್ಟುಕೊಂಡು, ಜೊತೆಗಾರರಿಗೆ ಮೊದಲ ನಾಲ್ಕು ಮಾತ್ರೆ ರೆ-ಮ-ಧ-ಸಾ, ಮುಂದಿನ ನಾಲ್ಕು ಮಾತ್ರೆ ಪ-ನಿ-ರೆ-ಮ, ಆಮೇಲೆ ಎಂಟು ಮಾತ್ರೆ ಸಾ-ಗ-ಪ-ನಿ ಸ್ವರಗಳನ್ನು ಒಟ್ಟಿಗೆ ಒತ್ತಿ ಹಿಡಿಯಲು ಹೇಳಿರಿ. ಎಲ್ಲವೂ ಶುದ್ಧ ಸ್ವರಗಳೇ. ಒಟ್ಟು ಹದಿನಾರು ಮಾತ್ರೆಗಳಾದ್ದರಿಂದ ತೀನತಾಳದ ಒಂದು ಆವರ್ತನದಲ್ಲಿ ಕೂರುತ್ತದೆ. ಜಾಝ್‌ನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕಾರ್ಡ್‌ಗಳ ನಡಿಗೆ ಇದು. ಇದರ ಮೇಲೆ ತಾನ್ ಹಾಕುವ ಆತುರ ಬೇಡ. ಮೊದಲ ಕಾರ್ಡ್‌ನ ಮೇಲೆ ಮ ಮತ್ತು ಸಾ, ಎರಡನೆಯದರ ಮೇಲೆ ಮ ಮತ್ತು ನಿ, ಮೂರನೆಯದರ ಮೇಲೆ ಗ ಮತ್ತು ನಿ ಮಾತ್ರ ನುಡಿಸಿರಿ. ಸಾ ಒಂದು ಹೆಜ್ಜೆ ಇಳಿದು ನಿ ಆಗುವುದೂ, ಅನಂತರ ಮ ಇಳಿದು ಗ ಆಗುವುದೂ, ಪ್ರತಿ ಸಲ ಜೊತೆಯ ಸ್ವರ ಅಲುಗದೆ ಉಳಿಯುವುದೂ ಕಿವಿಗೆ ಬೀಳುತ್ತದೆ. ಹೈಡನ್, ಮೋಟ್ಸಾರ್ಟ್ ಅವರ ಕ್ವಾರ್ಟೆಟ್‌ಗಳಲ್ಲಿ (ನಾಲ್ವರು ನುಡಿಸುವ ಕೃತಿಗಳಲ್ಲಿ) ಎರಡನೆಯ ವಾಯೊಲಿನ್ ಮತ್ತು ವಿಯೋಲಾ (ವಾಯೊಲಿನ್‌ಗಿಂತ ತುಸು ದೊಡ್ಡದಾದ, ತಗ್ಗು ದನಿಯ ವಾದ್ಯ) ಎಷ್ಟೋ ಕಡೆ ಮಾಡುವ ಕೆಲಸವೂ ಇದೇ. ಒಂದು ಪಟ್ಟಿಯಲ್ಲಿ, ಅಂದರೆ ಒಂದು ಮನೆಯನ್ನು ಷಡ್ಜವಾಗಿ ಹಿಡಿದು, ಇದು ಸಲೀಸಾದ ಮೇಲೆ ಹನ್ನೆರಡೂ ಪಟ್ಟಿಗಳಲ್ಲಿ ನುಡಿಸಬೇಕು. ತಿಂಗಳುಗಳೇ ಹಿಡಿದರೂ ಇದಕ್ಕೆ ಅಡ್ಡದಾರಿ ಇಲ್ಲ.

ಶ್ರುತಿಯ ವಿಷಯದಲ್ಲಿ ನಮಗೆ ಒಂದು ಅನುಕೂಲವೂ ಒಂದು ತೊಡಕೂ ಇವೆ. ತಂಬೂರಿಯೊಡನೆ ಹೊಂದುವ ಶುದ್ಧ ಗಾಂಧಾರವು ಪೇಟಿ ಅಥವಾ ಪಿಯಾನೋದ ಗಾಂಧಾರಕ್ಕಿಂತ ಸುಮಾರು 14 ಸೆಂಟ್‌ಗಳಷ್ಟು ಕೆಳಗಿದೆ. ಪಿಯಾನೋದಲ್ಲಿ ಪಕ್ಕಪಕ್ಕದ ಎರಡು ಮನೆಗಳ ಅಂತರ 100 ಸೆಂಟ್ ಎಂಬುದನ್ನು ನೆನೆದರೆ ಇದು ಸಣ್ಣ ವ್ಯತ್ಯಾಸವಲ್ಲ. ಪಿಯಾನೋ ಇಲ್ಲದ ಕ್ವಾರ್ಟೆಟ್‌ನಲ್ಲಿ, ಕಾರ್ಡ್ ನಿಂತ ಕಡೆ ನಮ್ಮ ಗಾಂಧಾರ ಚೆನ್ನಾಗಿ ಬೆಳಗುತ್ತದೆ. ಪಿಯಾನೋ ಜೊತೆಗಿದ್ದರೆ ಅದೇ ಸ್ವರ ಬೇಸುರಾಗಿ ಕೇಳುತ್ತದೆ. ಆದ್ದರಿಂದ ಯಾರೊಡನೆ ನುಡಿಸುತ್ತಿದ್ದೇವೆ ಎಂಬುದನ್ನು ನೋಡಿಕೊಂಡೇ ಬೆರಳು ಇಡಬೇಕು.

ಹಿಂದೂಸ್ತಾನಿಗೆ ಷಡ್ಜ-ಪಂಚಮಕ್ಕೆ ಕೂಡಿಸಿದ ವಾದ್ಯವನ್ನೇ ಸಂಜೆಗೊಮ್ಮೆ ಬಿಚ್ಚಿ ಪಾಶ್ಚಾತ್ಯ ಶ್ರುತಿಗೆ ತರುವ ಅಭ್ಯಾಸ ಬೇಡ. ತಂತಿಗಳೂ ತಾಳುವುದಿಲ್ಲ, ಬೆರಳುಗಳಿಗೂ ಗೊಂದಲ. ನಾನು ಹಾಗೆ ಮಾಡಿ ಒಂದೇ ವಾರದಲ್ಲಿ ಎರಡು ತಂತಿ ಹರಿದುಕೊಂಡಿದ್ದೇನೆ. ಅಗ್ಗದ್ದಾದರೂ ಸರಿ, ಇನ್ನೊಂದು ವಾಯೊಲಿನ್ ಇಟ್ಟುಕೊಳ್ಳಿ. ಹಂಗೇರಿಯ ಸಂಗೀತರಚನಕಾರ ಬಾರ್ಟೋಕ್ 1938ರಲ್ಲಿ ಜಾಝ್ ಕ್ಲಾರಿನೆಟ್ ವಾದಕ ಬೆನ್ನಿ ಗುಡ್‌ಮನ್ ಅವರಿಗಾಗಿ ರಚಿಸಿದ ‘ಕಾಂಟ್ರಾಸ್ಟ್ಸ್’ ಕೃತಿಯ ಕೊನೆಯ ಭಾಗವು ಶ್ರುತಿ ಬದಲಿಸಿದ ವಾಯೊಲಿನ್‌ನಿಂದಲೇ ಆರಂಭವಾಗುತ್ತದೆ. ಅದಕ್ಕೆಂದೇ ವಾದಕರು ವೇದಿಕೆಗೆ ಎರಡು ವಾದ್ಯ ಒಯ್ಯುತ್ತಾರೆ.

ಕೂರುವ ರೀತಿಯೂ ಬೇರೆ. ಚಕ್ಕಳಮಕ್ಕಳ ಹಾಕಿ, ವಾದ್ಯದ ತುದಿಯನ್ನು ಪಾದದ ಮೇಲೆ ಊರಿದಾಗ ಎಡಗೈ ಮೀಂಡಿಗೆ ಹಗುರವಾಗಿ ಜಾರುತ್ತದೆ. ಕುರ್ಚಿಯ ಮೇಲೆ ಕುಳಿತು ಗದ್ದಕ್ಕೆ ಒತ್ತಿ ಹಿಡಿದಾಗ ಅದೇ ಜಾರುವಿಕೆಗೆ ತಡೆ ಬೀಳುತ್ತದೆ. ಚೇಂಬರ್ ಸಂಗೀತಕ್ಕೆ ಆ ತಡೆ ಒಳ್ಳೆಯದೇ, ಏಕೆಂದರೆ ಅಲ್ಲಿ ಪ್ರತಿ ಸ್ವರವೂ ಬರೆದ ಜಾಗದಲ್ಲಿಯೇ ಸ್ಪಷ್ಟವಾಗಿ ಹುಟ್ಟಬೇಕು. ಇಂಥ ಹಿಡಿತವನ್ನು ನಡುವಯಸ್ಸಿನಲ್ಲಿ ಬದಲಿಸಲಾಗದೆಂದು ಹೇಳುವವರಿದ್ದಾರೆ. ಮೋಟ್ಸಾರ್ಟ್ ಅವರ ಕ್ಲಾರಿನೆಟ್ ಕ್ವಿಂಟೆಟ್ ಅನ್ನು 1938ರಲ್ಲಿಯೇ ಬುಡಾಪೆಸ್ಟ್ ಕ್ವಾರ್ಟೆಟ್ ಜೊತೆ ಧ್ವನಿಮುದ್ರಿಸಿದ್ದ ಗುಡ್‌ಮನ್, ಜಗದ್ವಿಖ್ಯಾತರಾದ ಮೇಲೂ, ನಲವತ್ತರ ವಯಸ್ಸಿನಲ್ಲಿ ಇಂಗ್ಲೆಂಡಿನ ಕ್ಲಾರಿನೆಟ್ ವಾದಕ ರೆಜಿನಾಲ್ಡ್ ಕೆಲ್ ಅವರ ಬಳಿ ಶಿಷ್ಯರಾಗಿ ತುಟಿಯ ಹಿಡಿತವನ್ನೇ ಹೊಸದಾಗಿ ಕಲಿತರು.

ಲಯಕ್ಕೆ ಬಂದರೆ, ಜಾಝ್‌ನ ಸ್ವಿಂಗ್ ನಡೆಯಲ್ಲಿ ಒಂದು ಮಾತ್ರೆಯ ಎರಡು ಸ್ವರಗಳು ಸಮಪಾಲಾಗುವುದಿಲ್ಲ. ಮಾತ್ರೆಯನ್ನು ಮೂರು ಪಾಲು ಮಾಡಿ ಎರಡನ್ನು ಮೊದಲ ಸ್ವರಕ್ಕೆ, ಒಂದನ್ನು ಎರಡನೆಯದಕ್ಕೆ ಕೊಟ್ಟರೆ ಹತ್ತಿರ ಬರುತ್ತದೆ. ಲಯ ದ್ರುತವಾದಂತೆ ಪಾಲುಗಳು ಸಮವಾಗುತ್ತ ಹೋಗುತ್ತವೆ. ಸಮ್‌ಗೆ (ಆವರ್ತನದ ಮೊದಲ ಮಾತ್ರೆಗೆ) ಒತ್ತು ಕೊಡುವ ನಮ್ಮ ರೂಢಿಯನ್ನು ಬಿಟ್ಟು, ನಾಲ್ಕು ಮಾತ್ರೆಗಳಲ್ಲಿ ಎರಡು ಮತ್ತು ನಾಲ್ಕರ ಮೇಲೆ ಚಪ್ಪಾಳೆ ತಟ್ಟುತ್ತ ಹಾಡಿಕೊಳ್ಳಬೇಕು. ನಾಲ್ಕು ಮಾತ್ರೆಗಳ ಗುಂಪಿಗೆ ಬಾರ್ ಎಂದುಕೊಂಡು, ಹನ್ನೆರಡು ಬಾರ್‌ಗಳ ಬ್ಲೂಸ್ ಅನ್ನು (ಜಾಝ್‌ನಲ್ಲಿ ಬಹಳ ಬಳಕೆಯಲ್ಲಿರುವ ಒಂದು ರೂಪ) 48 ಮಾತ್ರೆಗಳ ಒಂದು ಆವರ್ತನವೆಂದು ಎಣಿಸಿದರೆ ನಮ್ಮವರು ದಾರಿ ತಪ್ಪುವುದಿಲ್ಲ.

ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ಓದುವುದನ್ನು ಇವೆಲ್ಲದರ ಜೊತೆಗೇ ಕಲಿಯಬೇಕು. ಅದನ್ನು ಹಿಂದೂಸ್ತಾನಿಯ ಭಾತಖಂಡೆ ಸ್ವರಲಿಪಿಗೆ ಅನುವಾದಿಸಿಕೊಳ್ಳುವ ಚಟ ಬೇಡ. ಊರಿನಲ್ಲಿ ವಿಯೋಲಾ ವಾದಕರು ಸಿಗುವವರೆಗೆ ಕಾಯಬೇಕಿಲ್ಲ. ಎರಡೇ ವಾಯೊಲಿನ್‌ಗಳಿಗೆಂದು ಬಾರ್ಟೋಕ್ ಬರೆದ 44 ಕಿರುಕೃತಿಗಳಿವೆ, ಸುಲಭದಿಂದ ಕಠಿಣದ ಕಡೆಗೆ ಸಾಗುತ್ತವೆ. ಗುರುಗಳು ಬೇಕಾದಲ್ಲಿ ಚೋರ್ಲಾ ಘಾಟು ಇಳಿದರೆ ಪಣಜಿಯ ಕಲಾ ಅಕಾಡೆಮಿಯಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗವೇ ಇದೆ. ಮುಂಬೈಯ ಹೋಟೆಲುಗಳಲ್ಲಿ ಜಾಝ್ ನುಡಿಸಿ, ಸಿನಿಮಾ ಸ್ಟುಡಿಯೋಗಳಲ್ಲಿಯೂ ದುಡಿದ ಗೋವೆಯ ವಾದಕರಲ್ಲಿ ಅನೇಕರು ಚರ್ಚಿನ ಶಾಲೆಗಳಲ್ಲಿ ನೊಟೇಶನ್ ಕಲಿತವರೇ ಆಗಿದ್ದರು.

ಮೊದಲ ಕಾರ್ಯಕ್ರಮವನ್ನು ಮನೆಯ ಪಡಸಾಲೆಯಲ್ಲಿಯೇ ಇಟ್ಟುಕೊಳ್ಳಿ. ಚೇಂಬರ್ ಸಂಗೀತ ಹುಟ್ಟಿದ್ದೂ ನಮ್ಮ ಬೈಠಕ್‌ನಂಥ ಕೋಣೆಗಳಿಗಾಗಿಯೇ. ಬರೆದ ಸಂಗೀತ ಮೊದಲು, ಜಾಝ್ ಆಮೇಲೆ. ಸಡಿಲವಾದ ಬಿಲ್ಲುಗೈಯನ್ನು ಅದೇ ಸಂಜೆ ಮತ್ತೆ ಬಿಗಿಗೆ ತರುವುದು ಕಷ್ಟ. ನಡುವೆ ಚಹಾಕ್ಕೆ ಹದಿನೈದು ನಿಮಿಷ ಬಿಡುವು ಕೊಟ್ಟು, ಆ ಹೊತ್ತಿನಲ್ಲಿ ಅಂಗಳಕ್ಕೆ ಹೋಗಿ ಎರಡು-ನಾಲ್ಕರ ಚಪ್ಪಾಳೆ ತಟ್ಟಿಕೊಂಡು ಬನ್ನಿ.