ಹತ್ತು ಲಕ್ಷದ ಅಂಕಿಯನ್ನು ಬಿಡಿಸಿ ನೋಡಿ: ಸಪ್ತಾಪುರಕ್ಕೆ ಬರುವ ಕನ್ನಡ ಮಾಧ್ಯಮದವರಿಗೆ

ಗದಗ, ಹಾವೇರಿ ಜಿಲ್ಲೆಗಳ ಹಳ್ಳಿಗಳಲ್ಲಿ ಪದವಿ ಮುಗಿಸಿ, ಕೇಂದ್ರ ಲೋಕಸೇವಾ ಆಯೋಗದ (ಯುಪಿಎಸ್‌ಸಿ) ನಾಗರಿಕ ಸೇವಾ ಪರೀಕ್ಷೆಯ ಕನಸು ಕಟ್ಟಿಕೊಂಡು, ತರಬೇತಿ ಕೇಂದ್ರಗಳಿರುವ ಧಾರವಾಡದ ಸಪ್ತಾಪುರಕ್ಕೆ ಬರುವವರು ಮೊದಲ ವಾರದಲ್ಲೇ ಕೇಳುವ ಮಾತೊಂದಿದೆ: ಹತ್ತು ಲಕ್ಷ ಜನರಲ್ಲಿ ಆಯ್ಕೆಯಾಗುವವರು ಸಾವಿರ, ಅದರಲ್ಲಿ ಕನ್ನಡ ಮಾಧ್ಯಮದವರ ಪಾಡೇನು? ಇದಕ್ಕೆ ಧೈರ್ಯ ಹೇಳಿ ಉತ್ತರಿಸಲಾಗದು. ಅಂಕಿಯನ್ನೇ ಬಿಡಿಸಿ ನೋಡಬೇಕು.

2024ರ ಪರೀಕ್ಷೆಗೆ ಅರ್ಜಿ ಹಾಕಿದವರು 9,92,599. ಪೂರ್ವಭಾವಿ ಪರೀಕ್ಷೆ ಬರೆದವರು 5,83,213. ಅಂದರೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಕೊಠಡಿಗೇ ಬರಲಿಲ್ಲ. ಮುಖ್ಯ ಪರೀಕ್ಷೆಗೆ ಅರ್ಹರಾದವರು 14,627, ಸಂದರ್ಶನಕ್ಕೆ ಅರ್ಹರಾದವರು 2,845, ಆಯ್ಕೆಯಾದವರು 1,009. ಬರೆದವರಲ್ಲಿ ಮೊದಲ ಹಂತ ದಾಟಿದವರು ಸುಮಾರು 40ಕ್ಕೆ ಒಬ್ಬರು, ಎರಡನೆಯದನ್ನು ದಾಟಿದವರು ಐವರಿಗೆ ಒಬ್ಬರು, ಕೊನೆಯದನ್ನು ದಾಟಿದವರು ಹೆಚ್ಚುಕಡಿಮೆ ಮೂವರಿಗೆ ಒಬ್ಬರು. ಬಹುತೇಕರು ಉಳಿದುಹೋಗುವುದು ಪೂರ್ವಭಾವಿಯಲ್ಲೇ ಆದ್ದರಿಂದ ನಿಮ್ಮ ಮೊದಲ ವರ್ಷದ ಶ್ರಮದ ಬಹುಪಾಲು ಅಲ್ಲಿಗೇ ಸಲ್ಲಬೇಕು.

ಪೂರ್ವಭಾವಿಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ನಮ್ಮವರು ಸೋಲುವುದು ಹೆಚ್ಚಾಗಿ ಜ್ಞಾನದ ಕೊರತೆಯಿಂದಲ್ಲ, ಪ್ರಶ್ನೆಯನ್ನು ತಪ್ಪಾಗಿ ಓದುವುದರಿಂದ ಎಂಬುದು ನನ್ನ ಅನುಭವ. ಓದಿನ ಗ್ರಹಿಕೆ, ತರ್ಕ, ಸರಳ ಗಣಿತ ಇರುವ ಎರಡನೆಯ ಪತ್ರಿಕೆಯಾದ ಸಿ-ಸ್ಯಾಟ್‌ನಲ್ಲಿ 80 ಪ್ರಶ್ನೆಗಳಿಗೆ 200 ಅಂಕ, ಅರ್ಹತೆಗೆ ಶೇ. 33, ಅಂದರೆ 66 ಅಂಕ ಬೇಕು. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಭಾಗ ಕಳೆಯುವುದರಿಂದ, ಒಂದೂ ತಪ್ಪಿಲ್ಲದಿದ್ದರೆ 27 ಸರಿ ಉತ್ತರ ಸಾಕು. 16 ತಪ್ಪಾದರೆ 32 ಸರಿಯಿರಬೇಕು. ಮೊದಲ ಸಲ ಬರೆದಾಗ ನಾನು ಈ ಪತ್ರಿಕೆಯನ್ನು ಕಡೆಗಣಿಸಿ 66ನ್ನು ಮುಟ್ಟಲಿಲ್ಲ, ಹಾಗಾಗಿ ಮೊದಲ ಪತ್ರಿಕೆಯಾದ ಸಾಮಾನ್ಯ ಅಧ್ಯಯನಕ್ಕೆಂದು ವರ್ಷವಿಡೀ ಓದಿದ್ದು ಲೆಕ್ಕಕ್ಕೇ ಬರಲಿಲ್ಲ. ಆ ನೋವು ನಿಮಗೆ ಬೇಡ.

ಆಯೋಗದ ಜಾಲತಾಣದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ದಿನಾಲು ಬೆಳಿಗ್ಗೆ ಅವುಗಳಿಂದ ಎರಡು ಇಂಗ್ಲಿಷ್ ಗದ್ಯಭಾಗಗಳನ್ನು ಗಡಿಯಾರ ಇಟ್ಟುಕೊಂಡು ಓದಿ ಉತ್ತರಿಸಿ. ಆಮೇಲೆ ಆ ಭಾಗ ಹೇಳುವುದೇನು ಎಂಬುದನ್ನು ಕನ್ನಡದಲ್ಲಿ ಎರಡೇ ವಾಕ್ಯಗಳಲ್ಲಿ ಬರೆಯಿರಿ. ಉತ್ತರ ತಪ್ಪಾದ ಕಡೆ ನಿಮ್ಮ ಕನ್ನಡ ವಾಕ್ಯವನ್ನು ಮೂಲದ ಪಕ್ಕದಲ್ಲಿಟ್ಟು ನೋಡಿದರೆ, ಯಾವ ಪದದಲ್ಲಿ ಎಡವಿದಿರಿ ಎಂಬುದು ಅಲ್ಲೇ ಕಾಣುತ್ತದೆ. ಆ ಪದಗಳಿಗೊಂದು ಪ್ರತ್ಯೇಕ ವಹಿ ಇಡಿ. ಮೂರು ತಿಂಗಳು ತಪ್ಪದೆ ಹೀಗೆ ಮಾಡುವುದು, ದುಬಾರಿ ಶುಲ್ಕದ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವುದಕ್ಕಿಂತ ಮೇಲು.

ಮುಖ್ಯ ಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲೇ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲೇ ಎದುರಿಸಬಹುದು. ಕನ್ನಡ ಸಾಹಿತ್ಯವನ್ನು ಐಚ್ಛಿಕವಾಗಿ ತೆಗೆದುಕೊಂಡರೆ 500 ಅಂಕಗಳು ನಿಮ್ಮ ಭಾಷೆಯಲ್ಲೇ ಇರುತ್ತವೆ. ಆದರೆ ಕಡ್ಡಾಯ ಇಂಗ್ಲಿಷ್ ಪತ್ರಿಕೆಯಲ್ಲಿ 300ಕ್ಕೆ 75 ಬರದಿದ್ದರೆ ಉಳಿದ ಅಂಕಗಳನ್ನು ಪರಿಗಣಿಸುವುದಿಲ್ಲ.

ಪ್ರಯತ್ನಗಳ ಲೆಕ್ಕವನ್ನೂ ಮೊದಲೇ ತಿಳಿದಿರಬೇಕು. ಸಾಮಾನ್ಯ ವರ್ಗದವರಿಗೆ 6, ಹಿಂದುಳಿದ ವರ್ಗದವರಿಗೆ 9, ಪರಿಶಿಷ್ಟರಿಗೆ ವಯೋಮಿತಿಯವರೆಗೆ ಅವಕಾಶವಿದೆ. ಅರ್ಜಿ ಹಾಕಿ ಹೋಗದಿದ್ದರೆ ಪ್ರಯತ್ನ ಎಣಿಕೆಯಾಗದು, ಪೂರ್ವಭಾವಿಯ ಒಂದೇ ಪತ್ರಿಕೆ ಬರೆದರೂ ಎಣಿಕೆಯಾಗುತ್ತದೆ. ಹೀಗಾಗಿ ‘ಒಮ್ಮೆ ಬರೆದು ನೋಡೋಣ’ ಎಂದು ತಯಾರಿಯಿಲ್ಲದೆ ಹೋಗಬೇಡಿ.

ಇನ್ನು ಮನೆ. ಎಷ್ಟು ವರ್ಷ, ತಿಂಗಳಿಗೆ ಎಷ್ಟು ಹಣ ಎಂಬುದನ್ನು ಹೊರಡುವ ಮೊದಲೇ ಅಪ್ಪ, ಅವ್ವನ ಮುಂದೆ ಕೂತು ಬಿಚ್ಚಿ ಹೇಳಿ. ಎರಡು ಪ್ರಯತ್ನಗಳನ್ನು ಸಪ್ತಾಪುರದಲ್ಲಿದ್ದು ಮಾಡುವುದು, ಆಗದಿದ್ದರೆ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅಥವಾ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆ ಬರೆದು ನೌಕರಿ ಹಿಡಿದು, ಉಳಿದ ಪ್ರಯತ್ನಗಳನ್ನು ಅಲ್ಲಿಂದ ಮುಂದುವರಿಸುವುದು ಎಂಬ ಒಪ್ಪಂದ ನನಗೆ ಸರಿ ಕಾಣುತ್ತದೆ. ಊರಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟುಕೊಂಡರೆ ಖಾನಾವಳಿಯ ಖರ್ಚು ಸಾಕಷ್ಟು ಇಳಿಯುತ್ತದೆ. ಪೂರ್ವಭಾವಿ ಸಾಮಾನ್ಯವಾಗಿ ಮೇ, ಜೂನ್‌ನಲ್ಲಿ ಬರುತ್ತದೆ. ಮನೆಯಲ್ಲಿ ಬೀಜ, ಗೊಬ್ಬರಕ್ಕೆ ಹಣ ಹೊಂದಿಸುವ ಕಾಲವೂ ಅದೇ. ಆ ಎರಡು ತಿಂಗಳ ಬಾಡಿಗೆಯನ್ನು ಸುಗ್ಗಿಯ ಹಣ ಬಂದಾಗಲೇ ಎತ್ತಿಟ್ಟುಬಿಡಿ.